ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೆಲ್ಲಿಕಾಯಿ ಜ್ಯೂಸ್ ಕುಡಿದರೆ ಕೂದಲು ಉದುರುವುದು ನಿಲ್ಲುತ್ತಾ? ಯಾವ ಕಂಪನಿಯದು ತಗೊಳ್ಳಲಿ?

ಯಾವ ಕಂಪನಿಯದೂ ಬೇಡ. ಮೊದಲು ನನ್ನ ಕಥೆ ಕೇಳಿ.

2018ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ಓಡಾಡುತ್ತಿದ್ದೆ. ಎರಡನೇ ಮಗು ಆಗಿತ್ತು. ಬಾಚಣಿಗೆ ತುಂಬಾ ಕೂದಲು. ಬಚ್ಚಲಿನ ಜಾಲರಿಯಲ್ಲಿ ಕೂದಲು. ಪಕ್ಕದ ಮನೆಯವರು ನೆಲ್ಲಿಕಾಯಿ ಜ್ಯೂಸ್ ಕುಡಿಯಿರಿ ಅಂದರು. ಅವತ್ತೇ ಒಂದು ಲೀಟರ್ ಬಾಟಲಿ ತಂದೆ.

ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಲೋಟ ನೀರಿಗೆ ಎರಡು ದೊಡ್ಡ ಚಮಚ ಜ್ಯೂಸ್. ಆ ಹುಳಿ, ಆ ಒಗರು ಒಂದೇ ಸಲಕ್ಕೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗಾಗಿ ಲೋಟ ಕಟ್ಟೆಯ ಮೇಲೆ ಇಟ್ಟುಕೊಂಡು, ಚಪಾತಿ ಲಟ್ಟಿಸುತ್ತಾ, ದೊಡ್ಡವಳ ಡಬ್ಬಿ ಕಟ್ಟುತ್ತಾ, ಗುಟುಕು ಗುಟುಕಾಗಿ ಮುಕ್ಕಾಲು ಗಂಟೆ ಕುಡಿಯುತ್ತಿದ್ದೆ. ಲೋಟ ಖಾಲಿಯಾದ ತಕ್ಷಣ ಬಾಯಿಯ ಒಗರು ಹೋಗಲಿ ಅಂತ ಗಟ್ಟಿ ಬ್ರಷ್‌ನಲ್ಲಿ ಚೆನ್ನಾಗಿ ಹಲ್ಲುಜ್ಜುತ್ತಿದ್ದೆ. ಎರಡು ವರ್ಷ ಒಂದು ದಿನವೂ ತಪ್ಪಿಸಲಿಲ್ಲ.

ನನ್ನ ತಪ್ಪು ಇಲ್ಲೇ ಇರುವುದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜ್ಯೂಸ್ ಹೊಗಳುವವರು ಯಾರೂ ಇದನ್ನು ಹೇಳುವುದಿಲ್ಲ. ಹಲ್ಲಿನ ಮೇಲೆ ಎನಾಮಲ್ ಅಂತ ಗಟ್ಟಿ ಪದರ ಇದೆ. ಹುಳಿ ತಾಗಿದರೆ ಅದು ಮೆತ್ತಗಾಗುತ್ತದೆ. ಸುಮ್ನೆ ಬಿಟ್ಟರೆ ಎಂಜಲು ಹುಳಿಯನ್ನು ತೊಳೆದು, ಅರ್ಧ ಗಂಟೆ, ಒಂದು ಗಂಟೆಯಲ್ಲಿ ಅದನ್ನು ಮತ್ತೆ ಗಟ್ಟಿ ಮಾಡುತ್ತದೆ. ನಾನು ಎಂಜಲಿಗೆ ಆ ಸಮಯವನ್ನೇ ಕೊಡಲಿಲ್ಲ. ಒಂದು ಗುಟುಕಿನ ಹುಳಿ ಹೋಗುವಷ್ಟರಲ್ಲಿ ಇನ್ನೊಂದು ಗುಟುಕು. ರಾತ್ರಿಯೆಲ್ಲ ಒಣಗಿದ ಬಾಯಿ, ಎಂಜಲೂ ಕಡಿಮೆ. ಕೊನೆಗೆ ಮೆತ್ತಗಾದ ಪದರದ ಮೇಲೆ ಬ್ರಷ್ ಹಾಕಿ ತಿಕ್ಕುತ್ತಿದ್ದೆ. ಹಸಿ ಗೋಡೆಯನ್ನು ಪೊರಕೆಯಲ್ಲಿ ಗುಡಿಸಿದ ಹಾಗೆ. ಒಮ್ಮೆ ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಮೊದಲು ತಣ್ಣೀರಿಗೆ ಹಲ್ಲು ಜುಮ್ ಎನ್ನತೊಡಗಿತು. ಆಮೇಲೆ ಬಿಸಿ ಕಾಫಿಗೂ. ಹಲ್ಲಿನ ಡಾಕ್ಟರು ಕೈಗೆ ಕನ್ನಡಿ ಕೊಟ್ಟು ತೋರಿಸಿದರು. ಮುಂದಿನ ಹಲ್ಲುಗಳ ತುದಿ ಬೆಳಕಿಗೆ ಹಿಡಿದ ಬಳೆ ಚೂರಿನ ಹಾಗೆ ಆಚೆ ಕಾಣುತ್ತಿತ್ತು. ದವಡೆ ಹಲ್ಲುಗಳ ಮೇಲೆ ಸಣ್ಣ ಸಣ್ಣ ಹಳದಿ ಗುಳಿ. "ಹುಳಿ ಜಾಸ್ತಿ ತಿಂತೀರಾ?" ಅಂತ ಕೇಳಿದರು. "ಇಲ್ಲ ಮೇಡಂ, ಉಪ್ಪಿನಕಾಯಿ ಕೂಡ ಕಡಿಮೆ" ಅಂದೆ. ನೆಲ್ಲಿಕಾಯಿ ನೆನಪಿಗೇ ಬರಲಿಲ್ಲ. ಅದು ನನ್ನ ಲೆಕ್ಕದಲ್ಲಿ ಔಷಧಿ, ಹುಳಿ ಅಲ್ಲ. ಆರು ಹಲ್ಲಿಗೆ ಫಿಲ್ಲಿಂಗ್ ಆಯಿತು.

ಕೂದಲಿನ ಕಥೆ ಏನಾಯಿತು ಅಂದರೆ, ರಕ್ತ ಪರೀಕ್ಷೆ ಮಾಡಿಸಿದಾಗ ನನಗೆ ಕಬ್ಬಿಣಾಂಶ ತೀರಾ ಕಡಿಮೆ ಇತ್ತು. ಮಾತ್ರೆ ಕೊಟ್ಟರು, ಐದಾರು ತಿಂಗಳಲ್ಲಿ ಸರಿಹೋಯಿತು. ನೀವೂ ಮೊದಲು ಆ ಪರೀಕ್ಷೆ ಮಾಡಿಸಿ, ಜೊತೆಗೆ ಥೈರಾಯ್ಡ್ ಕೂಡ.

ಹಾಗಂತ ನೆಲ್ಲಿಕಾಯಿ ಬಿಡಿ ಅಂತ ಹೇಳುತ್ತಿಲ್ಲ. ಅದು ಬಂಗಾರದಂಥ ಕಾಯಿ. ತ್ರಿಫಲದ ಮೂರರಲ್ಲಿ ಒಂದು, ಉಳಿದೆರಡು ಅಳಲೆ, ತಾರೆ. ಚ್ಯವನಪ್ರಾಶಕ್ಕೆ ಇದೇ ಮುಖ್ಯ. ಆರು ರುಚಿಗಳಲ್ಲಿ ಉಪ್ಪೊಂದು ಬಿಟ್ಟು ಐದೂ ಇದರಲ್ಲಿವೆ ಅಂತ ಆಯುರ್ವೇದ ಹೇಳುತ್ತದೆ. ಆ ಉಪ್ಪನ್ನು ನಾವು ಚಿಕ್ಕಂದಿನಿಂದ ಹಚ್ಚಿಕೊಂಡೇ ತಿಂದವರು, ಅಲ್ವಾ? ಆದರೆ ನನ್ನ ಪ್ರಕಾರ ಇದರ ಜಾಗ ಊಟದ ಎಲೆ, ಖಾಲಿ ಹೊಟ್ಟೆಯ ಲೋಟ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ನೆಲ್ಲಿಕಾಯಿಗೆ ಸುಮಾರು 250 ಮಿಲಿಗ್ರಾಂ ಸಿ ಜೀವಸತ್ವ ಇದೆ. ನಮಗೆ ದಿನಕ್ಕೆ ಬೇಕಾದದ್ದು ಹೆಂಗಸರಿಗೆ 65, ಗಂಡಸರಿಗೆ 80. ಅಂದರೆ ಒಂದು ಕಾಯಿ ಸಾಕು. ಇನ್ನೊಂದು ವಿಷಯ, ಸೊಪ್ಪು, ರಾಗಿ, ಕಾಳಿನಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತಲು ಈ ಸಿ ಜೀವಸತ್ವ ಅದೇ ಊಟದಲ್ಲಿ ಇರಬೇಕು. ಬೆಳಿಗ್ಗೆ ಒಂಟಿಯಾಗಿ ಕುಡಿದರೆ ಆ ಲಾಭ ಸಿಗುವುದಿಲ್ಲ. ನನಗೆ ಬೇಕಿದ್ದದ್ದೇ ಆ ಲಾಭ. ಎರಡು ವರ್ಷ ಅದನ್ನು ಕಳೆದುಕೊಂಡೆ.

ನಿಮ್ಮ ತಂದೆಯವರು ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಇದನ್ನೇ ಕುಡಿಯುವ ಯೋಚನೆಯಲ್ಲಿದ್ದಾರೆ ಅಂತಲೂ ಬರೆದಿದ್ದೀರಿ. ದಯವಿಟ್ಟು ತಡೆಯಿರಿ. ಮಾತ್ರೆ ಡಾಕ್ಟರು ಹೇಳದೆ ನಿಲ್ಲಿಸಬಾರದು. ಮಾತ್ರೆಯ ಜೊತೆ ಜ್ಯೂಸ್ ಕುಡಿಯುವುದಿದ್ದರೂ ಅವರಿಗೆ ಹೇಳಿಯೇ ಕುಡಿಯಲಿ.

ಈಗ ನಮ್ಮ ಮನೆಯಲ್ಲಿ ಬಾಟಲಿ ಇಲ್ಲ. ತೀರ್ಥಹಳ್ಳಿಯಿಂದ ಅಮ್ಮ ನೆಲ್ಲಿಚಟ್ಟು ಕಳಿಸುತ್ತಾಳೆ. ಕಾಯಿ ಜಜ್ಜಿ, ಬೀಜ ತೆಗೆದು, ಉಪ್ಪು ಸವರಿ, ಗಲಗಲ ಅನ್ನುವವರೆಗೆ ಬಿಸಿಲಲ್ಲಿ ಒಣಗಿಸುವುದು. ನಾಲ್ಕೈದು ಚೂರು ನೀರಲ್ಲಿ ನೆನೆಹಾಕಿ, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸು ಸೇರಿಸಿ ನುಣ್ಣಗೆ ರುಬ್ಬಿ. ಮಜ್ಜಿಗೆ ಬೆರೆಸಿ, ಸಾಸಿವೆ ಒಗ್ಗರಣೆ ಕೊಡಿ. ತಂಬುಳಿ ಆಯಿತು. ಒಣಗಿಸಿದಾಗ ಸ್ವಲ್ಪ ಸತ್ವ ಹೋಗುತ್ತದೆ, ನಿಜ. ಅದಕ್ಕೇ ಕಾಯಿ ಸಿಗುವ ಕಾಲದಲ್ಲಿ ಹಸಿಯದನ್ನೇ ಊಟದ ಜೊತೆ ಅರ್ಧ ತಿನ್ನುತ್ತೇನೆ. ತಿಂದ ಮೇಲೆ ನೀರಲ್ಲಿ ಬಾಯಿ ಮುಕ್ಕಳಿಸುತ್ತೇನೆ. ಬ್ರಷ್ ಮುಟ್ಟುವುದಿಲ್ಲ.

ತುಳಸಿ ಹಬ್ಬಕ್ಕೆ ಮಾರ್ಕೆಟ್‌ನಲ್ಲಿ ಕಾಯಿ ಸಮೇತ ನೆಲ್ಲಿ ಕೊಂಬೆ ಮಾರುತ್ತಾರಲ್ಲ, ಆ ಕೊಂಬೆಯ ಕಾಯಿ ಹಬ್ಬ ಮುಗಿದ ಮೇಲೆ ಎಸೆಯಬೇಡಿ. ಚಟ್ಟಿಗೆ ಆ ಸಣ್ಣ ಕಾಯಿಯೇ ಒಳ್ಳೆಯದು. ಅಂಗಡಿಯ ದಪ್ಪ ಕಾಯಿಯಲ್ಲಿ ನೀರು ಜಾಸ್ತಿ, ಒಣಗಲು ದಿನ ಹಿಡಿಯುತ್ತದೆ.