ಕುಡಿತ ಬಿಡಿಸಲು ಗುಟ್ಟಾಗಿ ಊಟದಲ್ಲಿ ಮಾತ್ರೆ ಬೆರೆಸಬಹುದೇ?

ದಯವಿಟ್ಟು ಬೆರೆಸಬೇಡಿ. ಪುಣೆಯಲ್ಲಿರುವ ನಿಮ್ಮ ಭಾವನವರ ಕುಡಿತ ಬಿಡಿಸಲು ಸಾರಿನಲ್ಲಿ ಬೆರೆಸಿ ಎಂದು ನೆರೆಯವರು ಹೇಳಿದ ಡೈಸಲ್ಫಿರಾಮ್ ಮಾತ್ರೆ, ದೇಹ ಮದ್ಯವನ್ನು ಒಡೆಯುವ ಕ್ರಿಯೆಯನ್ನು ನಡುವೆಯೇ ತಡೆದು ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಶೇಖರವಾಗುವಂತೆ ಮಾಡುತ್ತದೆ. ತಿಳಿಯದೆ ಕುಡಿದರೆ ವಾಂತಿ, ವಿಪರೀತ ಎದೆಬಡಿತ, ರಕ್ತದೊತ್ತಡದ ಕುಸಿತ. ಹೃದ್ರೋಗವಿದ್ದವರ ಪ್ರಾಣವೇ ಹೋಗಬಹುದು. ರೋಗಿಯ ಒಪ್ಪಿಗೆಯಿಲ್ಲದೆ ಕೊಡಲೇಬಾರದ ಔಷಧಿ ಇದು.

ದಿನವೂ ವಿಪರೀತ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಮೊದಲ 2 ದಿನಗಳಲ್ಲಿ ಫಿಟ್ಸ್, ನಂತರ ಸನ್ನಿ ಬರಬಹುದು. ವೈದ್ಯರ ನಿಗಾದಲ್ಲಿ ನಿದ್ರಾಜನಕ ಔಷಧಿ ಕೊಟ್ಟು ಅದನ್ನು ಹಂತಹಂತವಾಗಿ ಇಳಿಸುತ್ತಾರೆ, ಥಯಾಮಿನ್ (ವಿಟಮಿನ್ ಬಿ1) ಕೊಡುತ್ತಾರೆ. ಪುಣೆಯಲ್ಲೇ 1986ರಿಂದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ. ಮೊದಲು ನೀವೇ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆಮಾಡಿ, ಅದು ಉಚಿತ. ಭಾವನವರು ಒಪ್ಪುವವರೆಗೆ ನೀವು ಕಾಯಬೇಕಾಗಿಲ್ಲ.