ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು? ಮೊದಲು ಅದು ಹೇಳಿ

ಟ್ರ್ಯಾಕ್ ಡೇ, ಅಂದರೆ ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ, ಮುಗಿದ ಮಾರನೇ ದಿನ ನನ್ನ ಫೋನಿಗೆ ಬರುವ ಮೆಸೇಜುಗಳೆಲ್ಲ ಹೆಚ್ಚು ಕಡಿಮೆ ಒಂದೇ. ಗಾಡಿ ಬೇರೆ, ಊರು ಬೇರೆ, ಬ್ರೇಕ್ ಕೈಕೊಟ್ಟ ಕಥೆ ಅದೇ. ಹಾಗಾಗಿ ಈ ಸಲ ಅದೊಂದಕ್ಕೇ ಜಾಸ್ತಿ ಜಾಗ. ಉಳಿದವರಿಗೆ ಎರಡು ಸಾಲು ಸಿಕ್ಕರೆ ಪುಣ್ಯ. ಚಪ್ಪಲಿ ಹಾಕಿಕೊಂಡು ಓಡಿಸಬೇಡಿ, ಸೀಟಿನಡಿ ನೀರಿನ ಬಾಟಲಿ ಬಿಟ್ಟು ಹೋಗಬೇಡಿ ಅಂತೆಲ್ಲ ನಾನು ಹೇಳುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಟ್ರ್ಯಾಕ್ ಕಡೆ ತಲೆ ಹಾಕದಿದ್ದರೇ ಒಳ್ಳೆಯದು.

ಪ್ರಶ್ನೆ: ಸರ್, ಹೋದ ತಿಂಗಳು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಮೊದಲ ಸಲ ಓಡಿಸಿದೆ. ಐದು ವರ್ಷದ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಪವರ್ ಜಾಸ್ತಿಯಾಗಲಿ ಅಂತ ಇಂಜಿನ್‌ನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ರೀಮ್ಯಾಪ್ ಮಾಡಿಸಿದ್ದೇನೆ. ಮೊದಲ ಸೆಷನ್ ಚೆನ್ನಾಗಿತ್ತು. ಎರಡನೇ ಸೆಷನ್‌ಗೆ ಹೊರಟ ಮೊದಲ ಸುತ್ತಿನಲ್ಲೇ ಬ್ರೇಕ್ ಪೆಡಲ್ ಮೆತ್ತಗಾಗಿ ನೆಲ ಮುಟ್ಟಿತು. ಹೇಗೋ ಮಣ್ಣಿಗಿಳಿಸಿ ನಿಲ್ಲಿಸಿದೆ. ಬೆಂಗಳೂರಿಗೆ ಬಂದು ವರ್ಕ್‌ಶಾಪ್‌ನಲ್ಲಿ ತೋರಿಸಿದರೆ ಏನೂ ತೊಂದರೆ ಇಲ್ಲ ಅಂತಾರೆ. ಈಗ ನಿಜಕ್ಕೂ ಬ್ರೇಕ್ ಸರಿ ಹಿಡಿಯುತ್ತಿದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ದೊಡ್ಡ ಡಿಸ್ಕ್ ಕಿಟ್ ಹಾಕಿಸಿ, ಒಂದು ಲಕ್ಷ ಆಗುತ್ತೆ ಅಂತಿದ್ದಾರೆ. ಹಾಕಿಸಲಾ?

ಬೇಡ.

ನೀವು ಅಷ್ಟುದ್ದ ಬರೆದಿದ್ದೀರಿ, ಆದರೆ ಬ್ರೇಕ್ ಆಯಿಲ್ ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತ ಬರೆದಿಲ್ಲ. ಯಾರೂ ಬರೆಯುವುದಿಲ್ಲ. ಎಷ್ಟು ಹಾರ್ಸ್‌ಪವರ್ ಜಾಸ್ತಿಯಾಗಿದೆ ಅಂತ ಮಾತ್ರ ಎಲ್ಲರೂ ಬರೆಯುತ್ತಾರೆ.

ಆಗಿದ್ದು ಇಷ್ಟೇ. ನಿಮ್ಮ ಬ್ರೇಕ್ ಆಯಿಲ್ ಕುದಿಯಿತು. ಪೆಡಲ್ ಒತ್ತಿದಾಗ ನಿಮ್ಮ ಕಾಲಿನ ಬಲವನ್ನು ಚಕ್ರದ ತನಕ ಒಯ್ಯುವುದು ಆ ಆಯಿಲ್. ದ್ರವವನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ, ಅದಕ್ಕೇ ಪೆಡಲ್ ಗಟ್ಟಿಯಾಗಿರುತ್ತದೆ. ಕುದಿದರೆ, ಚಕ್ರದ ಹತ್ತಿರ ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ ಒಳಗೆ ಆವಿಯ ಗುಳ್ಳೆ ಏಳುತ್ತದೆ. ಆವಿ ಕುಗ್ಗುತ್ತದೆ. ಆಮೇಲೆ ನೀವು ಒತ್ತುವುದು ಬ್ರೇಕನ್ನಲ್ಲ, ಗುಳ್ಳೆಯನ್ನು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಬಹುಮಟ್ಟಿಗೆ ವಾಪಸ್ ಬರುತ್ತದೆ. ವರ್ಕ್‌ಶಾಪ್‌ನವರು ಗಾಡಿಯನ್ನು ಮೂವತ್ತರಲ್ಲಿ ಒಂದು ಸುತ್ತು ಹಾಕಿಸಿ 'ಓಕೆ ಸರ್' ಅಂದಿದ್ದು ಸುಳ್ಳಲ್ಲ. ಅವರು ನೋಡಿದ್ದು ತಣ್ಣಗಿನ ಬ್ರೇಕ್, ಅಷ್ಟೇ.

ಬಿಸಿ ಎಷ್ಟಾಗುತ್ತದೆ ಅಂತ ನಂಬಿಕೆ ಬರದವರಿಗೆ ಒಂದು ಲೆಕ್ಕ. 1200 ಕೆಜಿ ಗಾಡಿ 150 ಕಿ.ಮೀ. ವೇಗದಿಂದ 60ಕ್ಕೆ ಇಳಿಯಬೇಕಾದರೆ ಸುಮಾರು 8.75 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಅದರಲ್ಲಿ ಎರಡೂವರೆ ಲೀಟರ್ ತಣ್ಣೀರು ಕೊತ ಕೊತ ಕುದಿಯುತ್ತದೆ. ಮನೆಯ ಗ್ಯಾಸ್ ಒಲೆ ಇದಕ್ಕೆ ಹತ್ತು ನಿಮಿಷ ತಗೊಂಡರೆ ನಿಮ್ಮ ಬ್ರೇಕ್ ನಾಲ್ಕೈದು ಸೆಕೆಂಡಿನಲ್ಲಿ ಮುಗಿಸುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕ್‌ಗಳ ಮೇಲೇ ಬೀಳುತ್ತದೆ, ಮತ್ತೆ ಎರಡೂವರೆ ನಿಮಿಷದೊಳಗೆ ನೀವು ಅದೇ ಜಾಗಕ್ಕೆ ಬಂದು ಮತ್ತೆ ಅದೇ ಕೆಲಸ ಮಾಡಿಸುತ್ತೀರಿ. ಊರಲ್ಲಿ ಓಡಿಸುವಾಗ ಇದರ ಸುಳಿವೂ ಸಿಗುವುದಿಲ್ಲ. 150ರ ಬದಲು 75ರಲ್ಲಿ ಹೋಗುತ್ತಿದ್ದರೆ ಗಾಡಿಯಲ್ಲಿರುವ ಶಕ್ತಿ ಅರ್ಧ ಅಲ್ಲ, ಕಾಲು ಭಾಗ. ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿದವರಿಗೆ ಆ ಸುಟ್ಟ ವಾಸನೆ ಗೊತ್ತಿರಬೇಕು.

ಇನ್ನು ಆಯಿಲ್‌ನ ವಿಷಯ. ನಿಮ್ಮ ಗಾಡಿಯಲ್ಲಿರುವುದು ಡಾಟ್ 4 ದರ್ಜೆಯ ಆಯಿಲ್ ಇರಬೇಕು, ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಹೊಸದಾಗಿದ್ದಾಗ ಅದು ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅನ್ನುವುದು ನಿಯಮ. ಆದರೆ ಈ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ, ಮಳೆಗಾಲದ ಉಪ್ಪಿನ ಹಾಗೆ. ಶೇಕಡಾ 3.7ರಷ್ಟು ನೀರು ಸೇರಿತು ಅಂದರೆ ಅದೇ ನಿಯಮದ ಮಿತಿ 155ಕ್ಕೆ ಇಳಿಯುತ್ತದೆ. ಅಂದರೆ 75 ಡಿಗ್ರಿ ಹೋಯಿತು. ಗಾಡಿ ಐದು ವರ್ಷದ್ದು, ಆಯಿಲ್ ಯಾವ ಕಾಲದ್ದೋ, ಅದರ ಮೇಲೆ ಇಂಜಿನ್ ರೀಮ್ಯಾಪ್, ಸ್ಟ್ರೇಟ್ (ಟ್ರ್ಯಾಕ್‌ನ ನೇರ ಭಾಗ) ಕೊನೆಯಲ್ಲಿ ಇನ್ನೂ ಹತ್ತು ಕಿ.ಮೀ. ಜಾಸ್ತಿ ವೇಗ. ಕುದಿಯದೆ ಇನ್ನೇನಾಗುತ್ತೆ?

ಎರಡನೇ ಸೆಷನ್‌ನ ಮೊದಲ ಸುತ್ತಿನಲ್ಲೇ ಯಾಕೆ ಅನ್ನುವುದು ನಿಮಗೆ ಒಗಟಾಗಿ ಕಂಡಿದೆ. ನನಗೆ ಅದೇ ದೊಡ್ಡ ಸುಳಿವು. ಓಡುವಾಗ ಡಿಸ್ಕ್‌ಗೆ ಗಾಳಿ ಬೀಸುತ್ತಿರುತ್ತದೆ. ನೀವು ಜೋರಾಗಿ ಕೊನೆಯ ಸುತ್ತು ಮುಗಿಸಿ ನೇರ ಪಿಟ್‌ಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗ) ಬಂದು, ಹ್ಯಾಂಡ್ ಬ್ರೇಕ್ ಎಳೆದು, ಫೋಟೊ ತೆಗೆಸಿಕೊಳ್ಳಲು ಇಳಿದಿರಿ. ಗಾಳಿ ನಿಂತಿತು. ಡಿಸ್ಕ್ ಕೆಂಡದ ಹಾಗಿದೆ, ಆ ಕಾವು ಡಿಸ್ಕಿಗೆ ಒತ್ತಿಕೊಳ್ಳುವ ಪ್ಯಾಡ್ ದಾಟಿ, ಅದನ್ನು ತಳ್ಳುವ ಪಿಸ್ಟನ್ ದಾಟಿ, ಆಯಿಲ್‌ಗೆ ಇಳಿಯಿತು. ಗಾಡಿ ನಿಂತಲ್ಲೇ ಕುದಿಯಿತು. ನೀವು ಕಾಫಿ ಕುಡಿಯುತ್ತಿದ್ದಿರಿ.

ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಬಹಳ ವರ್ಷದ ಹಿಂದೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ, ಬರೀ 2.1 ಕಿ.ಮೀ. ಉದ್ದದ ಟ್ರ್ಯಾಕ್ ಅದು, ಬ್ರೇಕ್‌ಗೆ ಉಸಿರಾಡಲು ಪುರಸೊತ್ತಿಲ್ಲ, ನನ್ನ ಪೆಡಲ್ ಕೂಡ ಹೀಗೇ ನೆಲ ಮುಟ್ಟಿತ್ತು. ಹೋಗುವುದಕ್ಕೆ ಒಂದು ವಾರ ಮುಂಚೆ ಒಂದು ಗ್ಯಾರೇಜ್‌ನಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿಕೊಂಡಿದ್ದೆ, ಬಿಲ್ ಜೇಬಲ್ಲಿತ್ತು. ಮನೆಗೆ ಬಂದು ಚಕ್ರ ಬಿಚ್ಚಿ ನೋಡಿದರೆ ಕ್ಯಾಲಿಪರ್ ಹಿಂದೆ ಹಳೆಯ ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲ್ ಮೇಲೆ ಎರಡು ವರ್ಷದ ಕೆಮ್ಮಣ್ಣು ಹಾಗೇ ಕೂತಿದೆ, ಸ್ಪ್ಯಾನರ್ ತಾಗಿದ ಒಂದು ಗೀರೂ ಇಲ್ಲ. ಬಾನೆಟ್ ಒಳಗಿನ ಡಬ್ಬಿಯಿಂದ ಹಳೆಯದನ್ನು ಸಿರಿಂಜ್‌ನಲ್ಲಿ ಎಳೆದು ಹೊಸದು ತುಂಬಿ ಕಳಿಸಿದ್ದರು. ಡಬ್ಬಿ ನೋಡಿದರೆ ಜೇನಿನ ಬಣ್ಣ. ನಿಪ್ಪಲ್ ಬಿಚ್ಚಿದರೆ ಬಂದಿದ್ದು ಕಷಾಯ. ಅವತ್ತಿನಿಂದ ಈ ಕೆಲಸವನ್ನು ನಾನು ಯಾರ ಕೈಗೂ ಕೊಟ್ಟಿಲ್ಲ. ನೀವು ಕೊಡುವುದಾದರೆ ಪಕ್ಕದಲ್ಲೇ ನಿಂತಿರಿ, ನಾಚಿಕೆ ಬೇಡ.

ಏನು ನೋಡಬೇಕು ಅಂದರೆ: ನಾಲ್ಕೂ ಚಕ್ರದ ಹತ್ತಿರ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಬೇಕು, ಇನ್ನೊಂದು ತುದಿ ಬಾಟಲಿಯಲ್ಲಿ. ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ನಿಪ್ಪಲ್ ಸಡಿಲಿಸಿ, ಆಯಿಲ್ ಬಂದ ಮೇಲೆ ಬಿಗಿಮಾಡಿ, ಆಮೇಲೆ 'ಬಿಡು' ಅನ್ನಬೇಕು. ಬಿಗಿಮಾಡುವ ಮುಂಚೆ ಪೆಡಲ್ ಬಿಟ್ಟರೆ ಗಾಳಿ ಒಳಗೆ, ಮತ್ತೆ ಮೊದಲಿಂದ. ಪೈಪಿನಲ್ಲಿ ಮೊದಲು ಕಪ್ಪು ಬರುತ್ತದೆ, ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಆಮೇಲೆ ತಿಳಿಯಾಗುತ್ತದೆ. ನಾಲ್ಕೂ ಕಡೆ ತಿಳಿಯಾಗುವ ತನಕ ಬಿಡಬೇಡಿ. ಮೇಲಿನ ಡಬ್ಬಿ ನಡುವೆ ಖಾಲಿಯಾಗಬಾರದು. ಯಾವ ಚಕ್ರ ಮೊದಲು ಅನ್ನುವುದು ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿದೆ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಇಲ್ಲಾಂದ್ರೆ ಪೇಂಟ್ ಎದ್ದು ಬರುತ್ತೆ.

ತರುವಾಗ 300 ಡಿಗ್ರಿ ದಾಟುವ ರೇಸಿಂಗ್ ಡಾಟ್ 4 ತನ್ನಿ, ಸೀಲ್ ಒಡೆಯದ ಬಾಟಲಿ. ಹೋದ ವರ್ಷ ಅರ್ಧ ಉಳಿದದ್ದು ಮನೆಯಲ್ಲಿದೆ ಅನ್ನಬೇಡಿ, ಅದು ಆಗಲೇ ತೇವ ಕುಡಿದಿರುತ್ತದೆ. ನಂಬರ್ ದೊಡ್ಡದು ಅಂತ ಡಾಟ್ 5 ತರಬೇಡಿ, ಅದು ಸಿಲಿಕಾನ್, ನಿಮ್ಮ ಗಾಡಿಯದರ ಜೊತೆ ಸೇರುವುದಿಲ್ಲ. ಡಾಟ್ 5.1 ಬೇರೆ, ಅದು ಸೇರುತ್ತದೆ. ಹೆಸರಿಟ್ಟವರಿಗೆ ಯಾರಾದರೂ ಬುದ್ಧಿ ಹೇಳಬೇಕಿತ್ತು.

ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಅದು ಬೇರೆ ಕಾಯಿಲೆ. ಆಗ ಸೋತಿದ್ದು ಪ್ಯಾಡ್. ಒಂದು ದರ್ಜೆ ಮೇಲಿನ ಪ್ಯಾಡ್ ಹಾಕಿಸಿ ಸಾಕು. ಪೂರ್ತಿ ರೇಸ್ ಪ್ಯಾಡ್ ಹಾಕಿಕೊಂಡು ಮನೆಗೆ ಹೊರಟರೆ ಹೊಸೂರು ಸಿಗ್ನಲ್‌ನಲ್ಲಿ ಅದು ತಣ್ಣಗಿರುತ್ತದೆ, ಹಿಡಿಯುವುದಿಲ್ಲ.

ಓಡಿಸುವ ರೀತಿಯನ್ನೂ ಬದಲಾಯಿಸಿ. ನಾಲ್ಕು ಸುತ್ತು ಜೋರಾಗಿ, ಐದನೆಯದು ತಣ್ಣಗೆ, ಆದಷ್ಟು ಬ್ರೇಕ್ ಮುಟ್ಟದೆ, ಮೇಲಿನ ಗೇರಿನಲ್ಲಿ, ಹಿಂದಿನವರಿಗೆ ದಾರಿ ಬಿಟ್ಟುಕೊಂಡು. ಪಿಟ್‌ನಲ್ಲಿ ಗೇರ್‌ನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಮತ್ತೆ ಇದು ನನ್ನ ಸ್ವಂತ ಭಯ, ಬೇಕಾದರೆ ನಗಿ: ಪ್ರತಿ ಸುತ್ತಿನಲ್ಲೂ ಸ್ಟ್ರೇಟ್ ಮುಗಿಯುವ ಮುಂಚೆ ಎಡಗಾಲಿನಿಂದ ಪೆಡಲ್ ಒಮ್ಮೆ ಮೆಲ್ಲಗೆ ಮುಟ್ಟಿ ನೋಡುತ್ತೇನೆ. ಗಟ್ಟಿ ಸಿಕ್ಕಿದರೆ ಮುಂದೆ. ಮೆತ್ತಗಿದ್ದರೆ ಅಲ್ಲೇ ಆಕ್ಸಿಲರೇಟರ್ ಬಿಟ್ಟು, ಪೆಡಲ್ ಪಂಪ್ ಮಾಡುತ್ತಾ, ಗೇರ್ ಇಳಿಸಿ, ಸ್ಟೀರಿಂಗ್ ನೇರ ಇಟ್ಟು ರನ್‌ಆಫ್‌ಗೆ (ಟ್ರ್ಯಾಕ್ ಆಚೆಗಿನ ಖಾಲಿ ಜಾಗಕ್ಕೆ) ಹೋಗುತ್ತೇನೆ. ಲ್ಯಾಪ್ ಟೈಮ್‌ಗೆ ಸ್ವಲ್ಪ ಪೆಟ್ಟು ಬೀಳುತ್ತದೆ. ಬೀಳಲಿ.

ಒಂದು ಲಕ್ಷದ ಕಿಟ್ ಹಾಕಿಸಿ, ಒಳಗೆ ಅದೇ ಕಷಾಯ ಬಿಟ್ಟರೆ, ಅದೇ ಮಣ್ಣಿಗೆ ಮತ್ತೆ ಇಳಿಯುತ್ತೀರಿ. ತೂತು ಕೊರೆದ ಡಿಸ್ಕ್ ಮಾರುವವರು ಇನ್ನೊಂದು ಗುಂಪು. ನೋಡಲು ಚೆಂದ. ಸರಿಯಾಗಿ ಕಾಯಿಸಿದರೆ ಆ ತೂತುಗಳಿಂದಲೇ ಬಿರುಕು ಶುರುವಾಗುತ್ತದೆ. ಇನ್ನು ಕಾದ ಡಿಸ್ಕ್ ಮೇಲೆ ಬಕೆಟ್‌ನಲ್ಲಿ ನೀರು ಸುರಿಯುವ ಮಹಾನುಭಾವರು ಪಿಟ್‌ನಲ್ಲಿ ಸಿಕ್ಕರೆ ದಯವಿಟ್ಟು ಬಕೆಟ್ ಕಿತ್ತುಕೊಳ್ಳಿ.

ಪ್ರಶ್ನೆ: ಟೈರ್‌ಗೆ ನೈಟ್ರೋಜನ್ ಹಾಕಿಸಿದರೆ ಗ್ರಿಪ್ ಜಾಸ್ತಿಯಾಗುತ್ತಾ?

ಇಲ್ಲ. ಉಸಿರಾಡುವ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ರೇಸ್ ತಂಡಗಳು ಅದನ್ನು ಬಳಸುವುದು ಅದರಲ್ಲಿ ತೇವ ಇರಲ್ಲ ಅಂತ. ನಿಮಗೆ ಬೇಕಾಗಿರುವುದು ಟೈರ್ ಪ್ರೆಶರ್ ಅಳೆಯುವ ಒಂದು ಒಳ್ಳೆಯ ಗೇಜ್. ತಣ್ಣಗಿದ್ದಾಗ 32 ಪಿಎಸ್‌ಐ ಇದ್ದದ್ದು ನಾಲ್ಕೈದು ಸುತ್ತಿನಲ್ಲಿ 38-40ಕ್ಕೆ ಏರುತ್ತದೆ, ಗಾಡಿ ಐಸ್ ಮೇಲೆ ಓಡಿದ ಹಾಗಾಗುತ್ತದೆ. ಪಿಟ್‌ಗೆ ಬಂದ ತಕ್ಷಣ ಅಳೆದು ಹೆಚ್ಚಾದ ಗಾಳಿ ಬಿಡಬೇಕು, ಹತ್ತು ನಿಮಿಷ ಹರಟೆ ಹೊಡೆದು ಅಳೆದರೆ ಆ ನಂಬರ್‌ಗೆ ಅರ್ಥವಿಲ್ಲ.

ಪ್ರಶ್ನೆ: 100 ಆಕ್ಟೇನ್ ಪೆಟ್ರೋಲ್?

ನಿಮ್ಮ ಇಂಜಿನ್ ಸೆಟ್ಟಿಂಗ್ ಅದನ್ನು ಕೇಳಿದರೆ ಹಾಕಿ. ಕೇಳದಿದ್ದರೆ ಆ ದುಡ್ಡಲ್ಲಿ ಬ್ರೇಕ್ ಆಯಿಲ್ ತನ್ನಿ.

ಪ್ರಶ್ನೆ: ಬೈಕ್ ಹೆಲ್ಮೆಟ್ ನಡೆಯುತ್ತಾ?

ಫುಲ್ ಫೇಸ್ ಆದರೆ ಎಷ್ಟೋ ಕಡೆ ಒಳಗೆ ಬಿಡುತ್ತಾರೆ. ಕಾರ್ ರೇಸಿಂಗಿಗೆ ಅಂತ ಸ್ನೆಲ್ ಸಂಸ್ಥೆ ಪರೀಕ್ಷಿಸಿದ ಎಸ್‌ಎ ದರ್ಜೆಯ ಹೆಲ್ಮೆಟ್‌ಗೆ ಬೆಂಕಿಯ ಪರೀಕ್ಷೆಯೂ ಆಗಿರುತ್ತದೆ, ಬೈಕಿನದಕ್ಕೆ ಆಗಿರುವುದಿಲ್ಲ. ನಾನು ಹಾಕುವುದು ಎಸ್‌ಎ. ಅರ್ಧ ಹೆಲ್ಮೆಟ್ ತಂದವರನ್ನು ನಾನು ಪಕ್ಕ ಕೂರಿಸುವುದೂ ಇಲ್ಲ.

ಪ್ರಶ್ನೆ: ಬೆಂಗಳೂರಲ್ಲಿ ಟ್ರ್ಯಾಕ್ ಇಲ್ಲ. ಬೆಳಿಗ್ಗೆ ಐದಕ್ಕೆ ನೈಸ್ ರೋಡ್ ಖಾಲಿ ಇರುತ್ತೆ, ಅಲ್ಲಿ ಪ್ರಾಕ್ಟೀಸ್ ಮಾಡಿದರೆ?

ಇಂಥ ಪ್ರಶ್ನೆಗೆ ಉತ್ತರ ಕೊಡುವುದನ್ನು ನಿಲ್ಲಿಸಿದ್ದೇನೆ. ಐದು ಗಂಟೆಗೆ ಲೈಟಿಲ್ಲದೆ ನಿಂತ ಲಾರಿಗೆ ನೀವು ಪ್ರಾಕ್ಟೀಸ್ ಮಾಡುತ್ತಿದ್ದೀರಿ ಅಂತ ಗೊತ್ತಿರಲ್ಲ. ಇರುಂಗಾಟ್ಟುಕೋಟೈ ಚೆನ್ನೈ ಹೆದ್ದಾರಿಯಲ್ಲೇ ಇದೆ, ರಾತ್ರಿ ಬೇಗ ಮಲಗಿ ಬೆಳಗಿನ ಜಾವ ಹೊರಡಿ.

ಪ್ರಶ್ನೆ: ಟ್ರ್ಯಾಕ್‌ನಲ್ಲಿ ಗುದ್ದಿದರೆ ಇನ್ಶೂರೆನ್ಸ್ ಬರುತ್ತಾ? ನಮ್ಮ ಏಜೆಂಟ್ ಬರುತ್ತೆ ಅಂದಿದ್ದಾರೆ.

ಪಾಲಿಸಿ ತೆಗೆದು 'ಬಳಕೆಯ ಮಿತಿ' ಅನ್ನುವ ಸಾಲು ಓದಿ. ರೇಸಿಂಗ್, ವೇಗ ಪರೀಕ್ಷೆ ಎರಡನ್ನೂ ಅಲ್ಲೇ ಹೊರಗಿಟ್ಟಿರುತ್ತಾರೆ. ಏಜೆಂಟ್ ಮತ್ತೂ ಬರುತ್ತೆ ಅಂದರೆ ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ ಅನ್ನಿ, ಆಮೇಲೆ ಅವರು ಫೋನ್ ಎತ್ತುತ್ತಾರಾ ನೋಡೋಣ. ಗಾಡಿ ಅಪ್ಪನ ಹೆಸರಲ್ಲಿದ್ದರೆ ಅವರಿಗೂ ಆ ಸಾಲು ತೋರಿಸಿ, ಹೋಗುವ ಮುಂಚೆ.