ಗಿರಣಿ ಗೇಟಿನಲ್ಲಿ ಹತ್ತುವ ದಮ್ಮು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಲಹೆಗೆ ಬಂದವರು ಕಲಬುರಗಿಯ ತೊಗರಿ ಬೇಳೆ ಗಿರಣಿಯೊಂದರ ಯಂತ್ರ ಚಾಲಕ, ವಯಸ್ಸು ನಲವತ್ತರ ಆಸುಪಾಸು. 2021ರ ಎರಡನೇ ಅಲೆಯಲ್ಲಿ ಕೋವಿಡ್ ಬಂದು ಆಸ್ಪತ್ರೆ ಸೇರಿ ಗುಣವಾದವರು. ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದಿದ್ದರೂ ಪ್ರತಿ ಸಲ ಗೇಟಿನಿಂದಲೇ ವಾಪಸಾಗುತ್ತಿದ್ದರು. "ಗೇಟ್ ದಾಟಿದ್ರ ಎದಿ ಹಿಡಿತದ್ರಿ ಮೇಡಂ, ದಮ್ಮು ಹತ್ತತದ." ಮಾಲೀಕರ ಕಣ್ಣಿಗೆ ಇದು ಮೈಗಳ್ಳತನ.

ಇಂಥವರಿಗೆ "ಧೈರ್ಯ ತಗೊಳ್ರಿ" ಎಂದರೆ ಏನೂ ಆಗುವುದಿಲ್ಲ. ಶ್ವಾಸಕೋಶದ ದಮ್ಮೋ, ಭಯದ ದಮ್ಮೋ ಎಂದು ಮೊದಲು ನೋಡಬೇಕು. ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿದಾಗ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಶೇ. 97 ತೋರಿಸಿತು. ಒಂದು ನಿಮಿಷ ಕುರ್ಚಿಯಿಂದ ಎದ್ದು ಕೂರುವುದನ್ನು ಮಾಡಿಸಿದ ಮೇಲೆ 96. ಮೂರು ಅಂಕ ಇಳಿದಿದ್ದರೆ ಆಪ್ತಸಲಹೆ ಅಲ್ಲಿಗೇ ಬಿಟ್ಟು ಮತ್ತೆ ಡಾಕ್ಟರ ಹತ್ತಿರ ಕಳಿಸಬೇಕಿತ್ತು. ಸಂಜೆ ಅಪ್ಪನ ಕೆರೆ ಸುತ್ತ ನಡೆದಾಗ ದಮ್ಮು ಇರಲಿಲ್ಲ ಎಂಬುದು ಇನ್ನೊಂದು ಸುಳಿವು.

ಮನೆಗೆ ತಿರುಗಿದ ಕೂಡಲೇ ಎದೆ ಹಗುರಾಗುತ್ತಿತ್ತು. ಕೆಡಿಸಿದ್ದು ಆ ಹಗುರವೇ: ಗೇಟು ಅಪಾಯ, ಓಡಿದ್ದರಿಂದ ಬದುಕಿದೆ ಎಂದು ಮನಸ್ಸು ನಂಬಿಬಿಡುತ್ತದೆ. ಹಾಗಾಗಿ ಕೊಟ್ಟ ಸಲಹೆ, ಭಯಕ್ಕೆ ಹತ್ತರಲ್ಲಿ ಅಂಕ ಕೊಡಿ. ಎಂಟಿದ್ದರೆ ನಾಲ್ಕಕ್ಕೆ ಇಳಿಯುವವರೆಗೆ ಜಾಗ ಬಿಡಬೇಡಿ. ಮೊದಲು ಗೇಟಿನ ಹೊರಗೆ, ಆಮೇಲೆ ಅಂಗಳ, ಕಡೆಗೆ ಯಂತ್ರದ ಬಳಿ. ಜೋರಾಗಿ ಉಸಿರೆಳೆಯುವುದು ಬೇಡ, ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಕೈ ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಭಯ ಇನ್ನೂ ಏರುತ್ತದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ತುಟಿ ಸಣ್ಣ ಮಾಡಿ ಆರು ಎಣಿಸುವಷ್ಟು ಹೊರಗೆ.

ದುಡ್ಡಿನ ಚಿಂತೆ ಬೇರೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಇತ್ತು, ಆದರೆ ಅದರಲ್ಲಿ ಕಾಯಿಲೆ ಭತ್ಯೆ ಇದೆಯೆಂದು ಯಾರೂ ಹೇಳಿರಲಿಲ್ಲ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ ಸರಾಸರಿ ಕೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆಸ್ಪತ್ರೆಯಲ್ಲಿದ್ದ ದಿನಗಳ ವೈದ್ಯಕೀಯ ಪ್ರಮಾಣಪತ್ರ ಹಿಡಿದು ಇಎಸ್‌ಐ ಕಚೇರಿಗೆ ಹೋಗಲು ಹೇಳಲಾಯಿತು.

ಅವರ ಒಪ್ಪಿಗೆ ಪಡೆದು ಮಾಲೀಕರ ಜೊತೆಗೂ ಮಾತಾಡಲಾಯಿತು. ಜರಡಿ ಯಂತ್ರದ ಹತ್ತಿರ ಹೊಟ್ಟಿನ ಧೂಳು ಹೆಚ್ಚು. ಬಿಗಿ ಮಾಸ್ಕ್ ಹಾಕಿದರೆ ಉಸಿರು ಭಾರವಾಗಿ ಭಯದ ದಮ್ಮಿನ ಹಾಗೇ ಅನಿಸುತ್ತದೆ. ಎರಡು ವಾರ ತೂಕದ ಕಾಟಾ ಬಳಿ ಅರ್ಧ ದಿನದ ಕೆಲಸ ಕೊಡಿ, ಚೀಲ ಎತ್ತಿಸಬೇಡಿ ಎಂದು ಕೇಳಲಾಯಿತು. ಮಾಸ್ಕ್ ತೆಗೆದು ಎಲ್ಲರೂ ಒಂದೇ ಕಡೆ ಡಬ್ಬಿ ಬಿಚ್ಚುವ ಊಟದ ಹೊತ್ತನ್ನು ಎರಡು ಪಾಳಿ ಮಾಡಲು ಅವರು ಒಪ್ಪಿದರು. ಕೆಲಸದ ಸ್ಥಳದಲ್ಲಿ ಸೋಂಕು ಹರಡುವುದು ಬಹಳ ಸಲ ಅಲ್ಲೇ.

ನಡುವೆ ಒಂದು ದಿನ ದಮ್ಮು ಮತ್ತೆ ಬರುವುದು ಸಹಜ. ಆ ದಿನ ಮನೆಗೆ ಹೋಗದೆ ಹಿಂದಿನ ಹಂತಕ್ಕೆ ಇಳಿದು ಅಲ್ಲೇ ಕೂರಬೇಕು.